ಮಾವ ಬರೆದ ವಿಷಾದಪತ್ರ

ನನ್ನ ಸೋದರಮಾವನಿಗೆ ಓಮಾನಿನಲ್ಲಿ ಇಬ್ಬರು ಯಜಮಾನರು. ಒಬ್ಬರು ಅಲ್ ಮಬೇಲಾದಲ್ಲಿ ವಾಹನಗಳ ಬಿಡಿಭಾಗದ ಅಂಗಡಿ ಇಟ್ಟಿರುವ ಕಫೀಲ್. ವೀಸಾ, ಸಂಬಳ ಎಲ್ಲ ಅವರ ಕೈಯಲ್ಲಿ. ಇನ್ನೊಬ್ಬರು ಎರಡನೆಯ ಮಹಾಯುದ್ಧದಲ್ಲಿ ತೀರಿಕೊಂಡ ಒಬ್ಬ ಬ್ರಿಟಿಷ್ ಕವಿ. ಮಾವ ಹೆದರುವುದು ಈ ಎರಡನೆಯವರಿಗೆ.

ಊರಿಗೆ ಹೊರಟ ಯಾರೋ ಎಂಜಿನಿಯರು ಸೀಬ್ ಪಟ್ಟಣದ ಮನೆಯಲ್ಲಿ ಬಿಟ್ಟುಹೋದ ಪೆಟ್ಟಿಗೆಯಲ್ಲಿ ರಟ್ಟು ಕಿತ್ತುಹೋದ ಒಂದು ಪುಸ್ತಕ ಮಾವನಿಗೆ ಸಿಕ್ಕಿತು. ಪೆಟ್ಟಿಗೆ ಎಂದು ನನ್ನ ಡೈರಿಯಲ್ಲಿದೆ, ಗೋಣಿಚೀಲ ಎಂದು ನನ್ನ ನೆನಪು. ಎರಡನ್ನೂ ನಂಬಬೇಡಿ. ಪುಸ್ತಕವಂತೂ ನಿಜ. ಅದರ ಮುನ್ನುಡಿಯ ಪ್ರಕಾರ, ಆ ಕವಿ ಮರುಭೂಮಿಯ ಸೈನಿಕ ಶಿಬಿರದಲ್ಲಿ ಸಿಕ್ಕಸಿಕ್ಕ ಕಾಗದದ ಮೇಲೆ ಒಂದು ಪುಟ್ಟ ಪತ್ರಿಕೆ ನಡೆಸುತ್ತಿದ್ದರಂತೆ, ಬರೆಯುವವರೆಲ್ಲ ಸಿಪಾಯಿಗಳು. ಬಂದ ಪ್ರತಿ ಪದ್ಯಕ್ಕೂ ಕೈಬರಹದ ಉತ್ತರ. ಬರೆದವನನ್ನು ಎದುರಾ ಎದುರು ಕೇಳದೆ ಒಂದು ಸಾಲನ್ನೂ ಹೊಡೆದುಹಾಕುವಂತಿಲ್ಲ. ನಾಳೆ ಆತ ಇರುತ್ತಾನೋ ಇಲ್ಲವೋ. ಮತ್ತೆ, ಸಂಪಾದಕನಾದವನು ತನ್ನ ಪತ್ರಿಕೆಯಲ್ಲಿ ತನ್ನ ಪದ್ಯ ಹಾಕಿಕೊಳ್ಳುವಂತಿಲ್ಲ. ಮಾವನ ಕೈಗೆ ಬಂದ ಪುಸ್ತಕ, ಆತ ಸತ್ತ ಮೇಲೆ ಸ್ನೇಹಿತರು ಅಚ್ಚು ಹಾಕಿಸಿದ ಆತನ ಪದ್ಯಗಳು.

ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಇಪ್ಪತ್ತು ವರ್ಷದಿಂದ ಮಾವನೇ ಸಂಪಾದಕ. ನಿಯಮಗಳು ಮಾತ್ರ ಆ ಶಿಬಿರದವು. ಇಲ್ಲಿ ಯುದ್ಧ ಎಲ್ಲಿದೆ ಎಂದು ಕೇಳಬೇಡಿ. ನಾನು ಕೇಳಿ ಅನುಭವಿಸಿದ್ದೇನೆ.

ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಬೆಕ್ಕಿನ ಬಗ್ಗೆ ಆರು ಸಾಲು ಕಳಿಸಿದಳು. ಪ್ರಕಟಿಸಲಾಗದು ಎಂದು ಮಾವ ಮೂರು ಪುಟದ ವಿಷಾದಪತ್ರ ಬರೆದರು. ಬೆಕ್ಕನ್ನು ಇನ್ನೂ ಹತ್ತಿರದಿಂದ ನೋಡಬೇಕು ಎಂಬುದು ಅದರ ಸಾರ. ಮಗು ಫೋನಿನಲ್ಲಿ, "ಅಂಕಲ್, ಈಸ್ ದಿಸ್ ಹೋಮ್‌ವರ್ಕ್?" ಎಂದಿತು. ಮರುವರ್ಷ ಬೆಕ್ಕಿನ ಮೀಸೆಯ ಮೇಲೆಯೇ ಇಪ್ಪತ್ತು ಸಾಲು ಬಂತು. ಒಂದೂ ಹೊಡೆಯದೆ ಹಾಕಿದರು.

ಸೂರ್‌ನ ಗ್ಯಾಸ್ ಸ್ಥಾವರದಲ್ಲಿ ಕ್ರೇನ್ ನಡೆಸುವ ಮೂಡಬಿದ್ರೆಯವರೊಬ್ಬರ ಪದ್ಯದಲ್ಲಿ ನಾಲ್ಕು ಸಾಲು ಹೆಚ್ಚಾಗಿತ್ತು. ಕೇಳಲಿಕ್ಕೆ ಫೋನ್ ಉಂಟಲ್ಲ ಎಂದೆ.

"ಫೋನಲ್ಲಿ ಮುಖ ಕಾಣ್ತದಾ? ಕಾರು ಹತ್ತು," ಎಂದರು ಮಾವ.

ಶುಕ್ರವಾರವಿಡೀ ನಾಲ್ಕು ಸಾಲಿಗಾಗಿ ಸಮುದ್ರದ ಬದಿಯಲ್ಲೇ ಹೋದೆವು. ಆ ಮನುಷ್ಯ ಲುಂಗಿಯಲ್ಲಿ ಬಾಗಿಲು ತೆರೆದ. ಮಾವ ಹೊಸ್ತಿಲಲ್ಲೇ ನಿಂತು ಪದ್ಯವನ್ನು ಗಟ್ಟಿಯಾಗಿ ಓದಿ, ಕೊನೆಯಲ್ಲಿ ಅಪ್ಪಣೆ ಕೇಳಿದರು.

"ಸಾರ್, ಬೇಕಾದ್ರೆ ಪೂರಾ ಪದ್ಯ ತೆಗೀರಿ. ಊಟ ಮಾಡಿ ಹೋಗಿ."

ಅಂಜಲ್ ಮೀನಿನ ಸಾರು ಬಡಿಸುತ್ತ ಆತ, ಇನ್ನೊಮ್ಮೆ ಓದಿ ಎಂದ. ಆತನ ಪದ್ಯವನ್ನು ಬೇರೊಬ್ಬರ ಬಾಯಲ್ಲಿ ಆತ ಕೇಳಿದ್ದು ಅದೇ ಮೊದಲು. ನನ್ನ ನಗು ಅಲ್ಲಿಗೆ ನಿಂತಿತು.

ಈ ವರ್ಷ ಮಾವನ ವೀಸಾ ಮುಗಿಯುತ್ತದೆ. ಇದು ಅವರ ಕೊನೆಯ ಸಂಚಿಕೆ. ಅವರೂ ಪದ್ಯ ಬರೆಯುತ್ತಾರೆ ಎಂದು ಅತ್ತೆಗೆ ಮದುವೆಯಾದಂದಿನಿಂದ ಗೊತ್ತು, ಬೇರೆ ಯಾರಿಗೂ ಗೊತ್ತಿರಲಿಲ್ಲ. ಅತ್ತೆಗೆ ಇದ್ದದ್ದು ಒಂದೇ ಆಸೆ.

"ಈ ಸಲ ಆದ್ರೂ ನಿಮ್ಮದೊಂದು ಹಾಕಿ. ಊರಿಗೆ ಹೋಗಿ ತೋರಿಸ್ಲಿಕ್ಕೆ ನನಗೆ ಎಂತ ಉಂಟು?"

"ಆ ಕವಿ ಹಾಕಲಿಲ್ಲ."

"ಆತನಿಗೆ ನನ್ನ ಹಾಗೆ ಹೆಂಡತಿ ಇರ್ಲಿಲ್ಲ."

"ಖಲಾಸ್," ಎಂದು ಮಾವ ಕಪಾಟು ಖಾಲಿ ಮಾಡಲು ಎದ್ದುಹೋದರು. ಕರಡಚ್ಚು ತಿದ್ದುವ ಕೆಲಸ ನನಗೆ ಬಂತು.

ಹಳೆಯ ಕಡತದಲ್ಲಿ ವಿಷಾದಪತ್ರಗಳ ನಕಲುಗಳಿದ್ದವು. ತಿರುವುತ್ತ ಹೋದಾಗ ಒಂದೇ ಹೆಸರು ವರ್ಷಕ್ಕೊಮ್ಮೆ ಬರುತ್ತಿತ್ತು. ಮಾವನದೇ ಹೆಸರು. ಪ್ರತಿ ವರ್ಷ ತಮ್ಮ ಸಂಚಿಕೆಗೆ ತಾವೇ ಪದ್ಯ ಕಳಿಸಿ, ತಮಗೆ ತಾವೇ ವಿಷಾದಪತ್ರ ಬರೆದುಕೊಂಡಿದ್ದರು. ಈ ವರ್ಷದ್ದು ಹೀಗಿತ್ತು: "ಮಾನ್ಯರೇ, ತಮ್ಮ ಕವಿತೆ ತಲುಪಿತು. ಕೊನೆಯ ನಾಲ್ಕು ಸಾಲುಗಳು ಓದುಗರ ಕರುಣೆ ಬೇಡುತ್ತಿವೆ. ಪ್ರಕಟಿಸಲಾಗದ್ದಕ್ಕೆ ವಿಷಾದಿಸುತ್ತೇನೆ. ಬರೆಯುವುದನ್ನು ಬಿಡಬೇಡಿ."

ಪದ್ಯ ಅದಕ್ಕೇ ಪಿನ್ ಮಾಡಿತ್ತು. ಬಿಡಿಭಾಗದ ಅಂಗಡಿಯ ಬಗ್ಗೆ. ಯಾವ ಗಾಡಿಗೂ ಹೊಂದದೆ ಕಪಾಟಿನಲ್ಲೇ ಉಳಿದ ಒಂದು ಬೋಲ್ಟಿನ ಬಗ್ಗೆ. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದೆ. ಇಷ್ಟು ವರ್ಷ ಈ ಮನುಷ್ಯನಲ್ಲಿ ಏನನ್ನು ಕಂಡು ನಾನು ನಕ್ಕದ್ದು?

"ಹಾಕಿಬಿಡು," ಅತ್ತೆ ಪಿಸುಗುಟ್ಟಿದರು. "ಅವರಿಗೆ ಗೊತ್ತಾಗುವಾಗ ಅಚ್ಚಾಗಿರ್ತದೆ."

ನನ್ನಿಂದ ಆಗಲಿಲ್ಲ. ಕೇಳದೆ ಹಾಕಿದರೆ ಸೂರ್‌ಗೆ ಹೋದದ್ದಕ್ಕೆ ಅರ್ಥವೇನು? ಊಟದ ಮೇಜಿನಿಂದ ಅವರ ಕೋಣೆಗೆ ಹದಿನೈದು ಹೆಜ್ಜೆ. ಹೊಸ್ತಿಲಲ್ಲಿ ನಿಂತು ಪದ್ಯವನ್ನು ಗಟ್ಟಿಯಾಗಿ ಓದಿದೆ. ಮಾವ ಪುಸ್ತಕ ಕಟ್ಟುತ್ತಿದ್ದ ಹಗ್ಗ ಹಿಡಿದುಕೊಂಡೇ ಕೇಳಿದರು.

"ಆತನ ಪದ್ಯ ಸ್ನೇಹಿತರು ಅಚ್ಚು ಹಾಕಿಸಿದ್ದು ಆತ ಸತ್ತ ಮೇಲೆ," ಎಂದೆ. "ನಾವೂ ಅಷ್ಟರವರೆಗೆ ಕಾಯಬೇಕಾ, ಮಾವ?"

ಅವರು ಕನ್ನಡಕ ಒರೆಸಿಕೊಂಡರು ಎಂದು ಡೈರಿಯಲ್ಲಿ ಬರೆದಿದ್ದೇನೆ. ಕನ್ನಡಕವನ್ನೇ ಒರೆಸಿದ್ದೋ ಎಂಬುದು ಈಗ ಸಂಶಯ.

"ಕೊನೆಯ ನಾಲ್ಕು ಸಾಲು ತೆಗೀಬೇಕು. ಕವಿಗಳ ಅಪ್ಪಣೆ ಉಂಟಾ?" ಎಂದು ಕೇಳಿದೆ.

ಮಾವ ಆ ರಟ್ಟಿಲ್ಲದ ಪುಸ್ತಕವನ್ನು ನೋಡಿದರು. ಆಮೇಲೆ ಹಗ್ಗ ಕೆಳಗಿಟ್ಟರು.

"ತೆಗಿ ಮಗಾ," ಎಂದರು. "ಊಟ ಮಾಡಿ ಹೋಗು."