ಉಂಡ ಮನೆಯ ಬಾಡಿಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಎರಡನ್ನೂ ತಮ್ಮ ಊರಿನಲ್ಲಿಯೇ ಮಾಡಿರಬೇಕು ಎಂಬುದು ನನ್ನ ಗುಮಾನಿ. ಊರಲ್ಲಿ ಕಟ್ಟುವ ಮನೆಯಾದರೆ ಬೆಳಿಗ್ಗೆ ಎದ್ದು ಹೋಗಿ ಗೋಡೆ ಎಷ್ಟು ಎದ್ದಿದೆ ಎಂದು ನೋಡಬಹುದು, ಗೌಂಡಿಯನ್ನು ಬೈಯಬಹುದು, ಬೈದು ಬಂದು ನೆಮ್ಮದಿಯಿಂದ ಉಣ್ಣಬಹುದು. ಸಮುದ್ರದಾಚೆ ಕುಳಿತು ಕಣ್ಣಿಂದ ಕಾಣದ ಮನೆಯನ್ನು ಕೊಂಡು, ಕಣ್ಣಿಂದ ಕಾಣದ ಮನುಷ್ಯನಿಗೆ ಬಾಡಿಗೆಗೆ ಕೊಡುವ ಕಷ್ಟ ಅವರಿಗೆ ಗೊತ್ತಿದ್ದರೆ ಗಾದೆಗೆ ಇನ್ನೊಂದು ತುಂಡು ಸೇರಿಸಿ ಹೋಗುತ್ತಿದ್ದರು. ನಾನಂತೂ ಹುಟ್ಟಾ ಅನುಮಾನದ ಮನುಷ್ಯ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡಿ, ಹಿಂದಿನವರಿಂದ ಬೈಸಿಕೊಂಡು, ಕೊನೆಗೆ ಹುಳುಕನ್ನೇ ಆರಿಸಿ ತರುವವನು. ಅಂಥವನು ಮನೆ ಕೊಂಡದ್ದು ಹೇಗೆ ಎಂದು ನಮ್ಮ ಕಡೆಯವರು ಈಗಲೂ ಕೇಳುತ್ತಾರೆ.

ಆಗ ನಾನು ಅರಬಸ್ತಾನದ ಏಡನ್ ಬಂದರಿನ ಒಂದು ಕಚೇರಿಯಲ್ಲಿ ಕಾರಕೂನನಾಗಿದ್ದೆ. ಧಾರವಾಡದವನನ್ನು ವಿಜಾಪುರಕ್ಕೆ ಹಾಕುವಷ್ಟೇ ಸಲೀಸಾಗಿ ಮುಂಬಯಿ ಸರಕಾರ ನಮ್ಮನ್ನು ಏಡನ್ನಿಗೂ ಹಾಕುತ್ತಿದ್ದ ಕಾಲ ಅದು. ಹಾನಗಲ್ಲಿಗೆ ಹತ್ತಿರದ ಹಳ್ಳಿಯೊಂದರಲ್ಲಿ ಹುಟ್ಟಿ, ಕೆರೆಯ ನೀರು ಬಿಟ್ಟರೆ ಬೇರೆ ನೀರಿನ ಹರವನ್ನೇ ನೋಡದ ನನಗೆ ಸಮುದ್ರ ಮೊದಮೊದಲು ಸ್ವಲ್ಪ ಅತಿಯೆನಿಸಿತು. ಆಮೇಲೆ ರೂಢಿಯಾಯಿತು. ರೂಢಿಯಾಗದೆ ಉಳಿದದ್ದು ಬಾಡಿಗೆ ಮನೆ. ನಮ್ಮ ಮನೆಯ ಮಾಲಕ ಒಬ್ಬ ಅರಬ ಸಾಹೇಬ, ಬಹಳ ಸಭ್ಯ. ತಿಂಗಳು ಹುಟ್ಟಿತೆಂದರೆ ಬಾಗಿಲಲ್ಲಿ ನಿಲ್ಲುತ್ತಿದ್ದ, ಕ್ಷೇಮ ಕೇಳುತ್ತಿದ್ದ, ಬಾಡಿಗೆ ತೆಗೆದುಕೊಂಡು ಹೋಗುತ್ತಿದ್ದ. ಒಳಗೆ ಬನ್ನಿ, ಚಹಾ ಕುಡಿಯಿರಿ ಎಂದು ನನ್ನ ಹೆಂಡತಿ ನೀಲವ್ವ ಎಷ್ಟು ಹೇಳಿಸಿದರೂ ಎದೆಯ ಮೇಲೆ ಕೈಯಿಟ್ಟು ನಕ್ಕು ಬೇಡವೆನ್ನುತ್ತಿದ್ದ. ಒಂದು ಗುಟುಕು ನೀರನ್ನೂ ಮುಟ್ಟಲಿಲ್ಲ. ಪಾಪ, ಸಂಕೋಚದ ಮನುಷ್ಯ ಎಂದುಕೊಂಡಿದ್ದೆವು. ಅದು ಸಂಕೋಚವಲ್ಲ, ಕಸಬಿನ ಮರ್ಮ ಎಂದು ತಿಳಿಯಲು ನಾನು ಮನೆ ಕೊಳ್ಳಬೇಕಾಯಿತು.

ಕೊಳ್ಳಬೇಕೆಂಬ ಹುಳ ತಲೆಯಲ್ಲಿ ಬಿಟ್ಟವಳು ನೀಲವ್ವ. "ಅಂವಾ ಬಾಗಲದಾಗ ನಿಂತು ರೊಕ್ಕಾ ಒಯ್ತಾನ, ನಾವು ದುಡಿದು ಕೊಡತೇವಿ. ನಾವೂ ಊರಕಡೆ ಒಂದು ಮನಿ ಕೊಂಡು ಬಾಡಿಗಿಗೆ ಕೊಟ್ರ ನಾಳೆ ನೌಕರಿ ಬಿಟ್ಟು ಹೋದಾಗ ಕಾಲು ಚಾಚಾಕ ಜಾಗಾ ಆಕೈತಿ" ಎಂದಳು. ನಾನು ನನ್ನ ಅನುಮಾನಗಳ ಗಂಟು ಬಿಚ್ಚಿದೆ. ಮಾಳಿಗೆ ಮನೆ, ಮಳೆಗಾಲಕ್ಕೆ ಮೊದಲು ಮೇಲೆ ಮಣ್ಣು ಹಾಕಿಸಬೇಕು, ಹಾಕಿಸುವವರು ಯಾರು? ಗೆದ್ದಲು ಹತ್ತಿದರೆ ಹೇಳುವವರು ಯಾರು? ಬಾಡಿಗೆಯವ ಒಳಗೆ ಹೊಕ್ಕು ಹೊರಗೆ ಬರುವುದಿಲ್ಲ ಎಂದರೆ ಏನು ಗತಿ? ಇದೆಲ್ಲ ಬಿಟ್ಟರೂ, ಮುಖವನ್ನೇ ಕಾಣದ ಮನುಷ್ಯನನ್ನು ನಂಬುವುದು ಹೇಗೆ? ನೀಲವ್ವ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ದೇವರ ಮುಖಾ ಕಂಡೀರೇನು? ದಿನಾ ಪೂಜಿ ಮಾಡೂದಿಲ್ಲ?" ಎಂದಳು. ಇಂಥ ಮಾತಿಗೆ ಕಚೇರಿಯಲ್ಲಾದರೆ ಮೇಲಿನವರ ಅಭಿಪ್ರಾಯಕ್ಕೆ ಕಳಿಸಬಹುದಿತ್ತು. ಮನೆಯಲ್ಲಿ ಆ ಸೌಕರ್ಯವಿಲ್ಲ.

ಆದರೂ ಕೆಲವು ವರ್ಷ ಎಳೆದೆ. ಕೊನೆಗೆ ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ನಮ್ಮ ಅಣ್ಣನಿಗೆ ಬರೆದೆ. ಬಾಡಿಗೆ ತಿನ್ನುವುದು ನಮ್ಮ ಮನೆತನಕ್ಕೆ ಹೇಸಿಗೆ ಎಂದು ಅವನು ಬೈದಾನು, ಅಲ್ಲಿಗೆ ನಾನು ಪಾರಾದೆ ಎಂಬ ಆಸೆ ಒಳಗೊಳಗೇ ಇತ್ತು. ನಮ್ಮಲ್ಲಿ ಖಾಲಿ ಮನೆಯಿದ್ದರೆ ಯಾರಾದರೂ ಬಡವರನ್ನು ಇಟ್ಟು ದೀಪ ಹಚ್ಚಿಸುತ್ತಿದ್ದರೇ ಹೊರತು ರೊಕ್ಕ ಕೇಳುತ್ತಿರಲಿಲ್ಲ. ಆದರೆ ಅಣ್ಣ ಯೋಚಿಸಿ ಬರೆದ ಉತ್ತರ ಬೇರೆಯೇ ಆಗಿತ್ತು: "ಹೊಲಾ ಊಳಾಕ ಕೊಟ್ಟು ಲಾವಣಿ ತಗೊಳ್ತೇವಿ, ಅದರಾಗ ತಪ್ಪಿಲ್ಲ. ಮನೀನೂ ಒಂದು ನಮೂನಿ ಹೊಲಾನ, ಮ್ಯಾಲೆ ಮಾಳಗಿ ಇರತೈತಿ ಅಷ್ಟ." ಮನೆಯನ್ನು ಹೊಲವೆಂದು ತಿಳಿದ ಮೇಲೆ ಅಣ್ಣನ ಉತ್ಸಾಹಕ್ಕೆ ಎಣೆಯಿಲ್ಲ. ಊರೂರು ತಿರುಗಿದ. ಸವಣೂರಿನಲ್ಲಿ ಒಂದು ಒಳ್ಳೆಯ ಮನೆಯಿತ್ತು, ಆದರೆ ಅದು ನವಾಬರ ರಾಜ್ಯ, ತಕರಾರು ಬಿದ್ದರೆ ಯಾರ ಕಚೇರಿಯ ಮೆಟ್ಟಿಲು ಹತ್ತಬೇಕೆಂದು ಬಿಟ್ಟ. ಶಿಗ್ಗಾವಿಯ ಮನೆಯ ಬಾವಿಯ ನೀರು ಸವುಳು. ಹಿರೇಕೆರೂರಿನ ಮನೆ ಎಲ್ಲ ರೀತಿಯಿಂದಲೂ ಪಸಂದಾಗಿತ್ತಂತೆ, ಆದರೆ ನೀಲವ್ವನ ತವರು ಹತ್ತಿರದ ಮಾಸೂರು. "ಬಾಡಿಗಿದಾರ ಬರೂಕಿಂತ ಮೊದಲ ಬೀಗರು ಬಂದು ಕುಂಡರತಾರ" ಎಂದು ಬರೆದಿದ್ದ. ಆ ಸಾಲನ್ನು ನಾನು ಹೆಂಡತಿಗೆ ಓದಿ ಹೇಳಲಿಲ್ಲ. ಕೊನೆಗೆ ಹಾನಗಲ್ಲಿನ ಒಂದು ಪುಟ್ಟ ಮಾಳಿಗೆ ಮನೆ ನಿಶ್ಚಯವಾಯಿತು. ರಾಚಪ್ಪ ಮಾಸ್ತರರೆಂಬ ಕನ್ನಡ ಸಾಲೆಯ ಮಾಸ್ತರರು, ತಾಯಿ, ಹೆಂಡತಿ, ಮಕ್ಕಳೊಂದಿಗೆ ಬಾಡಿಗೆಗೆ ಬಂದರು. ಪ್ರತಿ ಸಂತೆಗೆ ಹಾನಗಲ್ಲಿಗೆ ಹೋಗುವ ಅಣ್ಣ ಬಾಡಿಗೆ ವಸೂಲಿ ಮಾಡುವುದೆಂದು ಠರಾವಾಯಿತು. ಏಡನ್ನಿನಲ್ಲಿ ನಾನು ಮಾಲಕನಾದೆ. ನಾಲ್ಕು ದಿನ ಅರಬ ಸಾಹೇಬನ ಹಾಗೆ ಎದೆಯ ಮೇಲೆ ಕೈಯಿಟ್ಟು ನಗುವುದನ್ನು ಕನ್ನಡಿಯ ಮುಂದೆ ಕಲಿತೆ.

ಅಣ್ಣನ ಕಾಗದಗಳು ಬರತೊಡಗಿದವು. ಮೊದಲನೆಯದರಲ್ಲಿ, ಮಾಸ್ತರರ ಹೆಂಡತಿ ಗಂಗವ್ವ ಬದನೆಕಾಯಿಯ ಎಣಿಗಾಯಿ ಮಾಡುವುದರಲ್ಲಿ ಬಹಳ ಕೈಗುಣದವಳು ಎಂದಿತ್ತು. ಎರಡನೆಯದರಲ್ಲಿ ಹುಗ್ಗಿಯ ವರ್ಣನೆ. ಮೂರನೆಯದರಲ್ಲಿ ಬಿಸಿ ರೊಟ್ಟಿ, ಬೆಣ್ಣೆ, ಅಗಸಿ ಹಿಂಡಿ. ಬಾಡಿಗೆಯ ಸುದ್ದಿ ಯಾವುದರಲ್ಲಿಯೂ ಇಲ್ಲ. ಕೇಳಿ ಬರೆದರೆ ಅಣ್ಣನ ಉತ್ತರ ಇಷ್ಟೇ: "ಹೋದ ಕೂಡಲೆ ಕಾಲಿಗೆ ನೀರು ಕೊಡತಾರ. ಊಟಕ್ಕ ಏಳ್ರಿ ಅಂತಾರ. ಉಂಡ ಬಾಯಿಲೆ ರೊಕ್ಕಾ ಹೆಂಗ ಕೇಳ್ಲಿ ತಮ್ಮಾ? ನಮ್ಮಪ್ಪ ಹಂಗ ಬೆಳಸಿಲ್ಲ." ಊಟದ ಹೊತ್ತು ತಪ್ಪಿಸಿ ಹೋಗು ಎಂದು ಬರೆದೆ. ಹೋದ, ಚುರುಮುರಿ ಚಹಾ ಆಯಿತಂತೆ. ಸೋಮವಾರ ಒಪ್ಪತ್ತಿನ ದಿನ ಹೋಗು ಎಂದೆ. ಒಪ್ಪತ್ತಿದ್ದರೇನಾಯಿತು ಎಂದು ಗಂಗವ್ವ ಫಳಾರ ಮಾಡಿಸಿದಳು. ಈ ಕಾಗದಗಳನ್ನು ಓದುತ್ತಿದ್ದಾಗ ನಮ್ಮ ಎದುರಿಗಿದ್ದದ್ದು ಏಡನ್ನಿನ ಒಣಗಿದ ಕಾಯಿಪಲ್ಲೆ. ನನಗೆ ಬಾಡಿಗೆ ಬರಲಿಲ್ಲವೆಂಬ ಸಿಟ್ಟಿಗಿಂತ ಅಣ್ಣ ಉಂಡನೆಂಬ ಹೊಟ್ಟೆಕಿಚ್ಚು ಹೆಚ್ಚಾಗಿತ್ತು. ಅರಬ ಸಾಹೇಬ ನೀರು ಕುಡಿಯದ ಮರ್ಮ ಆಗ ತಿಳಿಯಿತು.

ಹೀಗೇ ನಡೆಯುತ್ತಿತ್ತೋ ಏನೋ. ಅಷ್ಟರಲ್ಲಿ ಯುದ್ಧ ಬಂತು. ಬಂದರಿನ ಮೇಲೆ ವಿಮಾನಗಳು ಬರತೊಡಗಿದವು. ಹೆಂಗಸರು ಮಕ್ಕಳನ್ನು ಊರಿಗೆ ಸಾಗಿಸಿ ಎಂದು ಕಚೇರಿಯಲ್ಲಿ ಹೇಳಿದರು. ನನಗೆ ಹೆದರಿಕೆಯಾಗಿತ್ತು, ಇದನ್ನು ಹೇಳಲು ನಾಚಿಕೆಯಿಲ್ಲ. ನೀಲವ್ವನನ್ನೂ ಮಗಳು ಶಾಂತೆಯನ್ನೂ ಕರೆದುಕೊಂಡು ಮುಂಬಯಿಗೆ ಬಂದು, ರೈಲು ಹಿಡಿದು ಹಾವೇರಿಯಲ್ಲಿ ಇಳಿದು, ಅಣ್ಣನ ಮನೆ ಸೇರಿದೆ. ನನಗೆ ಸಿಕ್ಕದ್ದು ಸಣ್ಣ ರಜೆ. ಮುಂದಿನ ಹಡಗಿಗೆ ಮರಳಬೇಕು. ಮತ್ತೆ ಯಾವಾಗ ಬರುತ್ತೇನೆ, ಬರುತ್ತೇನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಹೋಗುವ ಮೊದಲು ಇವರಿಬ್ಬರನ್ನು ಒಂದು ಸೂರಿನ ಕೆಳಗೆ ಇರಿಸಬೇಕು. ಅಣ್ಣನ ಮನೆಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ಆದರೆ ಹಳ್ಳಿಯಲ್ಲಿ ಶಾಂತೆಗೆ ಸಾಲೆಯಿರಲಿಲ್ಲ. ಒಲೆ ಒಂದು, ಓರಗಿತ್ತಿಯರು ಇಬ್ಬರು. ಸಾರಿಗೆ ಉಪ್ಪು ಯಾರು ಹಾಕಿದರೆಂದು ಕೇಳಿ ಕೇಳಿ ಎರಡು ಸಲ ಹಾಕುವುದೂ ನಡೆದಿತ್ತು. "ಹಾನಗಲ್ಲಾಗ ನಮ್ಮದ ಮನಿ ಐತೆಲ್ಲ. ಮಾಸ್ತರಗ ಬಿಡಂತ ಹೇಳಿ ಬರ್ರಿ" ಎಂದಳು ನೀಲವ್ವ. ಹೊರಡುವಾಗ ಹಿಂದೆಯೇ ಬಂದು, "ಅಲ್ಲಿ ನೀರು ಸೈತ ಕುಡೀಬ್ಯಾಡ್ರಿ" ಎಂದು ಎಚ್ಚರಿಸಿದಳು.

ಹೊಟ್ಟೆ ಬಿರಿಯುವಂತೆ ಉಂಡೇ ಹೋದೆ. ನನ್ನ ಮನೆಯನ್ನು ನಾನು ನೋಡಿದ್ದು ಅದೇ ಮೊದಲು. ಅಂಗಳ ಸಾರಿಸಿತ್ತು, ಮಾಳಿಗೆಗೆ ಹೊಸ ಮಣ್ಣು ಬಿದ್ದಿತ್ತು. ಅದನ್ನು ಮಾಸ್ತರರೇ ಹಾಕಿಸಿದ್ದರು. ರಾಚಪ್ಪ ಮಾಸ್ತರರು ಶರಣು ಮಾಡಿ ಕಂಬಳಿ ಹಾಸಿದರು. ಗಂಗವ್ವ ಕಾಲಿಗೆ ನೀರು ತಂದಳು. ನಾನು ಎದೆಯ ಮೇಲೆ ಕೈಯಿಟ್ಟು ನಕ್ಕೆ. "ಊಟ ಆಗೇತ್ರಿ, ಏನೂ ಬ್ಯಾಡ." ಗಂಗವ್ವ ತಂಬಿಗೆಯನ್ನು ಕೆಳಗಿಟ್ಟು, "ಅಲ್ರೀ ಅಣ್ಣಾರ, ಇದು ನಿಮ್ಮನಿ. ನಿಮ್ಮನ್ಯಾಗ ನೀವ ಉಣಲಿಲ್ಲಂದ್ರ ನಾವು ಒಲಿ ಹೊತ್ತಸೂದು ಹೆಂಗ?" ಎಂದಳು. ಅರಬ ಸಾಹೇಬನನ್ನು ಯಾರೂ ಹೀಗೆ ಕೇಳಿರಲಾರರು. ಉಂಡೆ. ಎಣಿಗಾಯಿಯ ವಿಷಯದಲ್ಲಿ ಅಣ್ಣ ಬರೆದದ್ದು ಕಡಿಮೆಯೇ. ಉಂಡು ಕೈ ತೊಳೆದ ಮೇಲೆ ಮನೆ ಬಿಡಿ ಎನ್ನುವ ಮಾತು ಗಂಟಲಿನವರೆಗೆ ಬಂತು, ಅಲ್ಲಿ ಎಣಿಗಾಯಿಯನ್ನು ಕಂಡು ಹಿಂದಿರುಗಿತು. ಮುಂದಿನ ಸಂತೆಗೆ ಅಣ್ಣನನ್ನು ಕರೆದುಕೊಂಡು ಹೋದೆ. ಇಬ್ಬರೂ ಉಂಡೆವು.

ಹಡಗಿನ ದಿನ ಹತ್ತಿರ ಬಂತು. ನೀಲವ್ವ ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು, ಶಾಂತೆಯ ಕೈ ಹಿಡಿದು ಹಾನಗಲ್ಲಿಗೆ ತಾನೇ ಚಕ್ಕಡಿ ಹತ್ತಿದಳು. ತನ್ನ ಬುತ್ತಿ ತಾನು ಉಂಡರೆ ಯಾರ ಹಂಗೂ ಇಲ್ಲ. ಇಂಥ ಸುಲಭದ ಉಪಾಯ ಇಬ್ಬರು ಗಂಡಸರಿಗೆ ಹೊಳೆಯಲಿಲ್ಲವಲ್ಲ ಎಂದು ಅಣ್ಣನೂ ನಾನೂ ಕಟ್ಟೆಯ ಮೇಲೆ ಕುಳಿತು ಒಬ್ಬರನ್ನೊಬ್ಬರು ಮೆಚ್ಚದೆ ನೋಡಿಕೊಂಡೆವು. ಸಂಜೆಗೆ ಚಕ್ಕಡಿ ಮರಳಿತು. ನೀಲವ್ವನ ಮುಖ ಅರಳಿತ್ತು. ಸೆರಗಿನ ಗಂಟನ್ನು ಬಿಚ್ಚಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಸವಣೂರಿನ ವೀಳ್ಯದೆಲೆ, ಅವುಗಳ ನಡುವೆ ಇಷ್ಟೂ ಕಾಲದ ಬಾಡಿಗೆ.

ನಡೆದದ್ದು ಇಷ್ಟು. ಅವಳು ತನ್ನ ಬುತ್ತಿಯನ್ನೇ ಉಂಡದ್ದನ್ನು ನೋಡಿ ಮಾಸ್ತರರು ದೊಡ್ಡ ಭಾರ ಇಳಿಸಿದವರಂತೆ ಉಸಿರು ಬಿಟ್ಟರಂತೆ. "ಇವತ್ತ ನೀವು ನಮ್ಮನ್ಯಾಗ ಉಂಡಿಲ್ಲ. ಇವತ್ತ ಬಾಡಿಗಿ ಕೊಟ್ರ ನಡೀತೈತಿ" ಎಂದರಂತೆ. ಬಾಡಿಗೆಯನ್ನು ಅವರು ಆಯಾ ತಿಂಗಳು ತಪ್ಪದೆ ತೆಗೆದಿಟ್ಟಿದ್ದರು. ಕೊಡುವುದು ಹೇಗೆಂದೇ ಅವರ ಚಿಂತೆ. "ಹಿರೇರು ಬರತಾರ, ಉಣತಾರ. ಉಂಡು ಕೈತೊಳದವರ ಕೈಯಾಗ ರೊಕ್ಕಾ ಇಟ್ರ ದಕ್ಷಿಣಿ ಕೊಟ್ಟಂಗ ಆಕೈತಿ. ಮನಿ ಮಾಲಕರಿಗೆ ದಕ್ಷಿಣಿ ಕೊಡೂದು ಸಭ್ಯಸ್ತರ ಲಕ್ಷಣ ಅಲ್ರಿ." ಹೀಗೆ ಉಂಡವನು ಕೇಳಲಾರದೆ, ಉಣಿಸಿದವರು ಕೊಡಲಾರದೆ, ಇಷ್ಟು ಕಾಲ ಎರಡೂ ಕಡೆ ಮರ್ಯಾದೆಯೇ ಅಡ್ಡ ಮಲಗಿತ್ತು. ಹೆಣ್ಣುಮಗಳ ಬರಿಗೈಗೆ ರೊಕ್ಕ ಹಾಕಬಾರದೆಂದು ಗಂಗವ್ವ ಕುಂಕುಮವಿಟ್ಟು, ಅಕ್ಕಿ ಕೊಬ್ಬರಿಯ ಜೊತೆಗೆ ಬಾಡಿಗೆಯನ್ನೂ ಸೇರಿಸಿ ನೀಲವ್ವನ ಉಡಿ ತುಂಬಿದಳು.

"ಭೇಷ್ ಆತು. ಮನಿ ಯಾವಾಗ ಬಿಡತಾರಂತ?" ಎಂದೆ.

ನೀಲವ್ವ ನನ್ನನ್ನು ತಿಳಿಗೇಡಿಯನ್ನು ನೋಡುವ ಹಾಗೆ ನೋಡಿದಳು. "ಉಡಿ ತುಂಬ್ಯಾಳ್ರಿ ಆಕಿ. ಉಡಿ ತುಂಬಿದ ಮನಿ ಅಂದ್ರ ತವರಮನಿ. ತವರವ್ರನ್ನ ಯಾರರ ಹೊರಗ ಹಾಕತಾರೇನು?"

ಹಾಗಾದರೆ ಅಲ್ಲಿಯೇ ಅವರ ಜೊತೆ ಇರಬಹುದಲ್ಲ ಎಂದೆ. ಗಂಗವ್ವ ಅದನ್ನೂ ಹೇಳಿದ್ದಳಂತೆ. "ತವರಮನಿಗೆ ಹೋಗಿ ಬರಬೇಕು, ಹೋಗಿ ಇರಬಾರದು" ಎಂದು ನೀಲವ್ವ ರೊಕ್ಕವನ್ನು ಎಣಿಸದೆ ಪೆಟ್ಟಿಗೆಯಲ್ಲಿಟ್ಟಳು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಾನಿಲ್ಲದಾಗ ಇವಳಿಗೆ ಕರೆದರೆ ಓಗೊಡುವವರು ಆ ಊರಲ್ಲಿ ಒಬ್ಬರಾದರಲ್ಲ ಎಂದು ಸಮಾಧಾನವೇ ಆಯಿತು. ಆದರೆ ಸಮಾಧಾನಕ್ಕೆ ಮಾಳಿಗೆ ಇರುವುದಿಲ್ಲ. ಹಡಗಿಗೆ ಉಳಿದಿದ್ದ ಕೆಲವೇ ದಿನಗಳಲ್ಲಿ, ಹಾನಗಲ್ಲಿನಲ್ಲಿ ಸ್ವಂತ ಮನೆಯುಳ್ಳ ನಾನು ಹಾನಗಲ್ಲಿನಲ್ಲಿ ಬಾಡಿಗೆ ಮನೆ ಹುಡುಕಲು ಹೊರಟೆ. ಜೊತೆಗೆ ಬಂದವರು ರಾಚಪ್ಪ ಮಾಸ್ತರರು.

ಅವರ ಹಿಂದಿನ ಓಣಿಯಲ್ಲಿ ಎಣ್ಣೆ ವ್ಯಾಪಾರದ ಶೆಟ್ಟರೊಬ್ಬರ ಮನೆ ಖಾಲಿಯಿತ್ತು. ಶೆಟ್ಟರು ನನ್ನನ್ನು ಕೂಡಿಸಿ ವಿಚಾರಿಸಿದರು. "ನೌಕರಿ ಎಲ್ಲೈತ್ರಿ ತಮ್ಮದು?" ಸಮುದ್ರದಾಚೆ ಎಂದೆ. "ಸ್ವಂತ ಮನಿ ಇಲ್ಲೇನ್ರಿ?" ಇದೇ ಊರಲ್ಲಿದೆ ಎಂದೆ. "ಮತ್ತ?" ಎಂದರು ಶೆಟ್ಟರು. ನಾನು ಮಾಸ್ತರರ ಕಡೆ ನೋಡಿದೆ. "ಅದರಾಗ ನಾವು ಇದ್ದೇವ್ರಿ" ಎಂದರು ಮಾಸ್ತರರು. ಶೆಟ್ಟರು ಅಡಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸುತ್ತ ಬಹಳ ಹೊತ್ತು ಯೋಚಿಸಿದರು. ಆ ಮುಖವನ್ನು ನಾನು ಬಲ್ಲೆ. ಕೆಲವು ವರ್ಷ ಅದು ನನ್ನದೇ ಆಗಿತ್ತು.

"ಸಿಟ್ಟಾಗಬ್ಯಾಡ್ರಿ, ಅನುಮಾನ ಬರತೈತಿ" ಎಂದರು ಕೊನೆಗೆ. "ಊರಾಗ ಮನಿ ಇಟಗೊಂಡು ಬಾಡಿಗಿ ಮನಿ ಹುಡಕೂ ಮನಷ್ಯಾ, ಅದೂ ಸಮುದ್ರದಾಚಿಗೆ ಹೋಗಾಂವ. ನಾಳೆ ಬಾಡಿಗಿ ಬರದಿದ್ರ ನಾ ಯಾರನ್ನ ಹಿಡೀಲಿ?"

"ನನ್ನ ಹಿಡೀರಿ. ಇವರಿಗೆ ನಾ ಜಾಮೀನು" ಎಂದರು ಮಾಸ್ತರರು.

ಶೆಟ್ಟರ ಹಣೆಯ ಗೆರೆಗಳೆಲ್ಲ ಒಮ್ಮೆಲೇ ಸಡಿಲಾದವು. "ಅದನ್ನ ಮೊದಲ ಹೇಳಬಾರದೇನ್ರಿ ಮಾಸ್ತರ? ಬಾಡಿಗಿ ವಿಷಯದಾಗ ನಿಮ್ಮಷ್ಟು ಚೊಕ್ಕ ಮನಷ್ಯಾ ಈ ಊರಾಗ ಯಾರದಾರ?" ಎಂದು ಎದ್ದು, ಗೂಟಕ್ಕೆ ತೂಗುಹಾಕಿದ್ದ ಕೀಲಿಕೈಯನ್ನು ತಂದು, ನನ್ನನ್ನು ದಾಟಿ ಹೋಗಿ ಮಾಸ್ತರರ ಕೈಯಲ್ಲಿಟ್ಟರು.