ಹಿಂದಿನ ಸೀಟಿನ ಸದ್ದು

ನಮ್ಮ ಅತ್ತೆ ಸುಭದ್ರಮ್ಮನವರ ಸ್ಥಿತಿ ಚೆನ್ನಾಗಿಲ್ಲ ಅಂತ ಭದ್ರಾವತಿಯಿಂದ ಫೋನ್ ಬಂದಾಗ ನಾನು ಕಾರಿನ ಕೆಳಗೆ ಮಲಗಿದ್ದೆ. ಈ ಒಂದು ಸಂಗತಿಯನ್ನು ನನ್ನ ಹೆಂಡತಿ ವಾಣಿ ಕಂಡಕಂಡವರಿಗೆಲ್ಲ ಎಷ್ಟು ಸಲ ಹೇಳಿದ್ದಾಳೆ ಅಂದ್ರೆ, ಅತ್ತೆಯ ಮೇಲೆ ಕಾರು ಹತ್ತಿಸಿದ್ದೇ ನಾನು ಅಂತ ಶಿವಮೊಗ್ಗದ ನಮ್ಮ ರವೀಂದ್ರನಗರದ ಅರ್ಧ ಜನ ನಂಬಿಬಿಟ್ಟಿದ್ದಾರೆ. ನಡೆದದ್ದೇನು ಅಂತ ನೀವಾದ್ರೂ ಕೇಳಿ.

ನಮ್ಮದು ಗೇರು ಸ್ಟೀರಿಂಗಿನ ಪಕ್ಕದಲ್ಲೇ ಇರುತ್ತಿದ್ದ ಕಾಲದ ಸೆಕೆಂಡ್ ಹ್ಯಾಂಡ್ ಕಾರು. ವಯಸ್ಸಿಗೆ ತಕ್ಕ ಕೆಮ್ಮು, ನರಳಾಟ ಎಲ್ಲ ಇತ್ತು. ಅವೆಲ್ಲ ನನಗೆ ಪರಿಚಯದ ಸದ್ದುಗಳೇ. ಆ ಸಲ ಅತ್ತೆ ಹಬ್ಬಕ್ಕೆ ಅಂತ ನಮ್ಮನೆಗೆ ಬಂದಿದ್ದರು. ತ್ಯಾವರೆಕೊಪ್ಪದ ಸಫಾರಿಗೆ ಕರೆದುಕೊಂಡು ಹೋಗಿ ಹುಲಿ ತೋರಿಸಿದೆವು. ಬರುವಾಗ ಅವರಿಗೆ ಹೊಟ್ಟೆ ತೊಳೆಸಿ, ಬಾಯಿಗೆ ಸೆರಗು ಮುಚ್ಚಿಕೊಂಡು ಹಿಂದಿನ ಸೀಟಿನಲ್ಲಿ ಮಲಗಿಬಿಟ್ಟರು. ಊರಿಗೆ ಹೋಗಬೇಕು ಅಂದರಂತೆ, ನೇರ ಭದ್ರಾವತಿಗೇ ಬಿಟ್ಟುಬಂದೆವು. ವಾಪಸ್ ಬರುವಾಗ ಶುರುವಾಯ್ತು ನೋಡಿ, ಕಟಕಟ, ಕಟಕಟ. ಅದರ ಜೊತೆಗೆ ಸ್ಟೀರಿಂಗ್ ಬೇರೆ ಗಡಗಡ ನಡುಗೋದು.

('ಅಂದರಂತೆ' ಅಂತ ಯಾಕೆ ಹೇಳಿದೆ ಅಂದ್ರೆ, ನಮ್ಮ ಅತ್ತೆ ನನ್ನ ಹತ್ತಿರ ಮಾತಾಡಲ್ಲ. ಜಗಳ ಏನಿಲ್ಲ, ಸಂಪ್ರದಾಯ. ಅಳಿಯನ ಎದುರು ಅತ್ತೆ ದನಿ ಎತ್ತಬಾರದು. ನಾನು ಎದುರಿಗೇ ಕೂತಿದ್ದರೂ ಗೋಡೆ ನೋಡಿಕೊಂಡು "ಅವರಿಗೆ ಕಾಫಿ ಬೇಕೇನೋ ಕೇಳೇ ವಾಣಿ" ಅಂತಾರೆ. ನಾನೂ ಗೋಡೆಗೇ "ಬೇಡ" ಅಂತೀನಿ. ಮದುವೆಯಾದಾಗಿನಿಂದ ನಮ್ಮ ಸಂಸಾರದಲ್ಲಿ ಅತ್ಯಂತ ಹೆಚ್ಚು ಮಾತು ಕೇಳಿಸಿಕೊಂಡಿರೋದು ಆ ಗೋಡೆಯೇ.)

ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡೋ ಮೇಷ್ಟ್ರು. ಶಬ್ದವೆಂದರೆ ಕಂಪನ, ಕಂಪನಕ್ಕೊಂದು ಮೂಲ ಇರಲೇಬೇಕು ಅಂತ ಬೋರ್ಡಿನ ಮೇಲೆ ಬರೆದು ಬರೆದು ಬೆರಳು ಸವೆಸಿದವನು. ನನ್ನ ಕಾರಿನಲ್ಲೇ ಮೂಲ ಸಿಗದ ಶಬ್ದ ಅಂದ್ರೆ ಮರ್ಯಾದೆಯ ಪ್ರಶ್ನೆ. ಸವಳಂಗ ರಸ್ತೆಯ ಜಟ್ಟಪ್ಪನ ಗ್ಯಾರೇಜಿಗೆ ಒಯ್ದೆ. ಅವನು ಚಕ್ರ ಬ್ಯಾಲೆನ್ಸ್ ಮಾಡಿದ, ನಡುಕ ನಿಂತಿತು. ಬುಷ್ ಬದಲಾಯಿಸಿದ, ಸೈಲೆನ್ಸರ್ ಬಿಗಿ ಮಾಡಿದ. ಕಟಕಟ ಮಾತ್ರ ನಿಲ್ಲಲಿಲ್ಲ. ಎಡಕ್ಕೆ ತಿರುಗಿಸಿದರೆ ಸದ್ದು ಬಲಕ್ಕೆ ಓಡುತ್ತೆ, ಬಲಕ್ಕೆ ತಿರುಗಿಸಿದರೆ ಎಡಕ್ಕೆ.

"ಸಾರ್, ಇದು ಗಾಡಿ ಸದ್ದಲ್ಲ," ಅಂದ ಜಟ್ಟಪ್ಪ, ಕೈ ಒರೆಸಿಕೊಳ್ಳುತ್ತ. "ಈ ಗಾಡೀಲಿ ಹಿಂದೆ ಯಾರಾದ್ರೂ ತೀರ್ಕೊಂಡಿದ್ರಾ ವಿಚಾರ್ಸಿ. ಒಂದು ಕುಂಬಳಕಾಯಿ ಒಡೆದುಬಿಡೋಣ."

ನಾನು ವಿಜ್ಞಾನದ ಮನುಷ್ಯ. ಕುಂಬಳಕಾಯಿ ಬಿಟ್ಟು ವಾಣಿಯನ್ನು ಹಿಡಿದೆ.

"ಡಿಕ್ಕಿಯೊಳಗೆ ಕೂತ್ಕೋ. ನಾನು ಮೆಲ್ಲಗೆ ಓಡಿಸ್ತೀನಿ. ಸದ್ದು ಎಲ್ಲಿಂದ ಬರುತ್ತೆ ಅಂತ ಕೇಳಿ ಹೇಳು."

"ನಿಮಗೆ ತಲೆ ಕೆಟ್ಟಿದೆಯೇನ್ರೀ? ನಾನೇನು ಸ್ಟೆಪ್ನಿಯಾ?"

"ಮುಚ್ಚಳ ಅರ್ಧ ತೆಗೆದೇ ಇಡ್ತೀನಿ ಮಾರಾಯ್ತಿ, ಗಾಳಿ ಬರುತ್ತೆ."

ಕೂತಳು ಪಾಪ. ಸವಳಂಗ ರಸ್ತೆಯಲ್ಲಿ ಹಂಪ್ ಹಾರಿಸಿದಾಗ ಒಳಗಿಂದ ಕಟಕಟದ ಜೊತೆ ಇನ್ನೊಂದು ಸದ್ದೂ ಬಂತು, ಅದು ಅವಳ ತಲೆಯದು. ಇಳಿಯುವಾಗ ನನ್ನ ಕಾಲೇಜಿನ ಹುಡುಗಿಯರ ಗುಂಪೊಂದು ಎದುರಿಗೇ ನಿಂತಿತ್ತು. ಮೇಷ್ಟ್ರು ಹೆಂಡತಿಯನ್ನು ಡಿಕ್ಕಿಯಲ್ಲಿ ಸಾಗಿಸ್ತಾರೆ ಅಂತ ಮಾರನೇ ದಿನವೇ ಕಾಲೇಜಿಡೀ ಸುದ್ದಿ. ವಾಣಿ ನನ್ನ ಹತ್ತಿರ ಮಾತು ಬಿಟ್ಟಳು. ಅವಳು ಮತ್ತೆ ಬಾಯಿಬಿಟ್ಟದ್ದು ಆ ಫೋನ್ ಬಂದ ದಿನವೇ.

"ರೀ, ಈಚೆ ಬನ್ನಿ! ವೀರೇಂದ್ರ ಫೋನ್ ಮಾಡಿದ್ದ. ಅಮ್ಮ ಊಟ ಬಿಟ್ಟಿದ್ದಾಳಂತೆ!"

ವೀರೇಂದ್ರ ಅವಳ ತಮ್ಮ. ಸದ್ದು ಮಾಡೋ ಕಾರನ್ನು ನಂಬಿ ಹೊರಡೋದು ಬೇಡ ಅಂತ ಅದನ್ನು ಜಟ್ಟಪ್ಪನ ಹತ್ತಿರ ಬಿಟ್ಟು ಬಸ್ಸಿನಲ್ಲಿ ಹೋದೆವು. ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು, ಬಾಯಿಗೆ ಸೆರಗು. ಎಪ್ಪತ್ತು ದಾಟಿದರೂ ಸ್ವಂತ ಹಲ್ಲಿನಲ್ಲಿ ಅಡಿಕೆ ಕಡೀತಾರೆ ಅಂತ ಮದುವೆಮನೆಗಳಲ್ಲಿ ಹೆಸರು ಮಾಡಿದ ಹೆಂಗಸು, ತ್ಯಾವರೆಕೊಪ್ಪದಿಂದ ಬಂದಾಗಿನಿಂದ ಬರೀ ಗಂಜಿ ನೀರಿನ ಮೇಲಿದ್ದಾರೆ. ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ನೋಡಿ ನನಗೆ ನಿಜಕ್ಕೂ ಹೆದರಿಕೆಯಾಯ್ತು.

ಡಾಕ್ಟರು ಬಂದರು. "ಬಾಯಿ ತೆಗೀರಿ ಅಜ್ಜಿ, ನಾಲಿಗೆ ನೋಡ್ತೀನಿ." ಅತ್ತೆ ತುಟಿ ಬಿಗಿದುಕೊಂಡು ತಲೆ ಅಲ್ಲಾಡಿಸಿದರು. ಎಲ್ಲರೂ ಬೇಡಿಕೊಂಡರೂ ತೆಗೆಯಲಿಲ್ಲ. ಡಾಕ್ಟರು ನಮ್ಮನ್ನು ಜಗಲಿಗೆ ಕರೆದು, "ಗಂಟಲಲ್ಲಿ ಏನಾದ್ರೂ ಇರಬಹುದು. ತಡ ಮಾಡದೆ ದೊಡ್ಡ ಆಸ್ಪತ್ರೆಗೆ ತೋರಿಸಿ," ಅಂದರು.

"ನಮ್ಮಜ್ಜಿಗೂ ಗಂಟಲಲ್ಲೇ ಶುರುವಾಗಿದ್ದು," ಅಂತ ವಾಣಿ ಕಂಬಕ್ಕೆ ಒರಗಿ ಅತ್ತಳು. ಆಸ್ಪತ್ರೆಯ ಹೆಸರೆತ್ತಿದರೆ ಅತ್ತೆ ಮಂಚದ ಪಟ್ಟಿ ಹಿಡಿದುಕೊಂಡು ಬಿಡಲೇ ಇಲ್ಲ. ಸುದ್ದಿ ಹಬ್ಬಿ ನೆಂಟರು ಒಬ್ಬೊಬ್ಬರೇ ನೋಡೋಕೆ ಬರತೊಡಗಿದರು. ಹೊಳೆಹೊನ್ನೂರಿನ ಉಜ್ಜನಪ್ಪ ಮಾವ ಬಂದು, ಸಮಾಧಿಗೆ ತೋಟದಲ್ಲಿ ಯಾವ ಜಾಗ ಅಂತ ಮೆಲ್ಲಗೆ ವಿಚಾರಿಸಿದರು.

ಅಷ್ಟರಲ್ಲಿ ಅತ್ತೆ ವಾಣಿಯನ್ನು ಹತ್ತಿರ ಕರೆದು ಸೆರಗಿನೊಳಗಿಂದ ಏನೋ ಪಿಸುಗುಟ್ಟಿದರು. ವಾಣಿ ಕಣ್ಣೊರೆಸಿಕೊಂಡು ನನ್ನ ಹತ್ತಿರ ಬಂದಳು.

"ಅಮ್ಮಂಗೆ ಒಂದ್ಸಲ ನಮ್ಮ ಕಾರಲ್ಲಿ ಕೂತ್ಕೋಬೇಕಂತೆ. ಹಿಂದಿನ ಸೀಟಲ್ಲಿ. ಒಬ್ಬಳೇ."

ಕೊನೇ ಆಸೆ! ಹೆಂಗಸರೆಲ್ಲ ಕಣ್ಣಿಗೆ ಸೆರಗು ಹಚ್ಚಿದರು. ನಾನು ಏನು ಹೇಳಬೇಕಿತ್ತು ಅಂತ ಈಗ ನನಗೂ ಗೊತ್ತು. ಆಗ ಬಾಯಿಂದ ಬಂದದ್ದು ಬೇರೆ.

"ಕಾರು ಗ್ಯಾರೇಜಲ್ಲಿದೆ. ಶಬ್ದದ ಮೂಲ ಪತ್ತೆಯಾಗೋವರೆಗೆ ರೋಗಿಗಳನ್ನ ಅದರಲ್ಲಿ ಕೂರಿಸೋದು ಕ್ಷೇಮವಲ್ಲ."

ಅತ್ತೆ ಕಣ್ಣು ಮುಚ್ಚಿಕೊಂಡರು.

"ನನ್ನಮ್ಮನ ಕೊನೇ ಆಸೇಗಿಂತ ನಿಮ್ಮ ಕಟಕಟ ದೊಡ್ಡದಾಯ್ತಾ?" ಅಂದಳು ವಾಣಿ. "ಹೋಗಿ, ಅದನ್ನೇ ಕಟ್ಟಿಕೊಂಡು ಸಂಸಾರ ಮಾಡಿ. ನಾನಂತೂ ಇನ್ನು ಶಿವಮೊಗ್ಗಕ್ಕೆ ಬರಲ್ಲ."

ಶಿವಮೊಗ್ಗದ ಬಸ್ಸಿನಲ್ಲಿ ಒಬ್ಬನೇ ಕೂತಾಗ ನನ್ನ ಮೇಲೆ ನನಗೇ ಅಸಹ್ಯವಾಯ್ತು. ಆ ಮುದುಕಿ ನನಗೆ ಒಂದು ದಿನವೂ ಕೆಟ್ಟದ್ದು ಬಯಸಿದವರಲ್ಲ. ಸ್ಟ್ಯಾಂಡಿನಿಂದ ನೇರ ಗ್ಯಾರೇಜಿಗೆ ಹೋಗಿ, "ಜಟ್ಟಪ್ಪ, ಸೀಟು, ಮ್ಯಾಟು, ಎಲ್ಲ ಕಿತ್ತುಹಾಕು. ಸಂಜೆಯೊಳಗೆ ನನಗೆ ಕಾರು ಬೇಕು," ಅಂದೆ.

ಹಿಂದಿನ ಸೀಟು ಎತ್ತಿದ್ದೇ ತಡ, ಕೆಳಗಿನ ತಗಡಿನ ಮೇಲೆ ಒಂದು ಉರುಟು ಸ್ಟೀಲ್ ಡಬ್ಬಿ ಉರುಳಿಕೊಂಡು ಬಂತು. ಅಲ್ಲಾಡಿಸಿದೆ. ಕಟಕಟ! ಮುಚ್ಚಳ ತೆಗೆದರೆ ಒಳಗೆ ಬಿಳೀ ಹಲ್ಲಿನ ಸೆಟ್ಟು, ಮೇಲಿನದೂ ಕೆಳಗಿನದೂ, ನನ್ನನ್ನೇ ನೋಡಿ ನಗುತ್ತಿತ್ತು. ಜಟ್ಟಪ್ಪ ಮಾರು ದೂರ ಹಾರಿದ.

"ಹೇಳಿದ್ನಲ್ಲ ಸಾರ್! ಗಾಡಿಯ ಹಳೇ ಯಜಮಾನಂದು! ತೀರ್ಕೊಂಡ ಮೇಲೂ ಬಿಟ್ಟು ಹೋಗಿಲ್ಲ!"

ನನಗೂ ಬೇರೆ ಯೋಚನೆ ಬರಲಿಲ್ಲ. ಬಂದದ್ದು ಬರೀ ಹೆಮ್ಮೆ. ಕೊನೆಗೂ ಮೂಲ ಸಿಕ್ಕಿತ್ತು! ಅತ್ತೆಯ ಆಸೆ ತೀರಿಸಬಹುದು, ವಾಣಿಯ ಮುಂದೆ ತಲೆ ಎತ್ತಬಹುದು. ಸೀಟು ಹಾಕಿಸಿ, ಸದ್ದಿಲ್ಲದ ಕಾರಿನಲ್ಲಿ ಭದ್ರಾವತಿಗೆ ಬಂದು ಇಳಿದೆ. ನಡುಮನೆ ತುಂಬ ಜನ. ಯಾರೋ ವಚನ ಹೇಳುತ್ತಿದ್ದರು. ನಾನು ನಡುವೆ ನಿಂತು ಡಬ್ಬಿ ಎತ್ತಿ ಹಿಡಿದೆ.

"ಕಾರು ರೆಡಿ! ಇಷ್ಟು ದಿನ ನಮ್ಮನ್ನೆಲ್ಲ ಕಾಡಿದ ಶಬ್ದದ ಮೂಲ ಇಲ್ಲಿದೆ ನೋಡಿ!" ಅಂತ ಮುಚ್ಚಳ ತೆಗೆದು, ಆ ಕಡೆಯಿಂದ ಈ ಕಡೆಗೆ ಎಲ್ಲರಿಗೂ ತೋರಿಸಿದೆ. "ಪಾಪ, ಯಾರೋ ಸತ್ತ ಮುದುಕಂದು."

"ಶಿವಶಿವಾ, ಕಾಯಿಲೆ ಮನೆಯೊಳಗೆ ಸತ್ತೋರ ಹಲ್ಲು ತಂದ್ರಾ? ಎಸೀರಿ ಆಚೆ!" ಅಂತ ಉಜ್ಜನಪ್ಪ ಮಾವ ಕೂಗಿದರು. ಸರಿ ಅಂತ ಕಿಟಕಿಯಾಚೆ ಚರಂಡಿ ಕಡೆ ಕೈ ಬೀಸಿದೆ.

"ಅಳಿಯಂದ್ರೇ! ಎಸೀಬೇಡಿ!"

ಎಲ್ಲರ ತಲೆಯೂ ಮಂಚದ ಕಡೆ ತಿರುಗಿತು. ಅತ್ತೆ ಮಂಚದ ಮೇಲೆ ಎದ್ದು ಕೂತಿದ್ದರು. ಸೆರಗು ಜಾರಿತ್ತು. ಬಾಯಿ ಬೊಚ್ಚು. ಮದುವೆಯಾದಾಗಿನಿಂದ ಅವರು ನನಗೆ ಆಡಿದ ಮೊದಲನೇ ಮಾತು ಅದು.

ನಾನು ಡಬ್ಬಿ ಕೊಟ್ಟೆ. ಅವರು ಚೊಂಬಿನ ನೀರಿನಲ್ಲಿ ತೊಳೆದು, ಗೋಡೆ ಕಡೆ ತಿರುಗಿ ಹಾಕಿಕೊಂಡು, ಮತ್ತೆ ನನ್ನ ಕಡೆಗೇ ತಿರುಗಿದರು. ಕಣ್ಣಲ್ಲಿ ನೀರಿತ್ತು.

"ದಾವಣಗೆರೆ ಅಕ್ಕನ ಮನೇಲಿದ್ದಾಗ ಯಾರಿಗೂ ಗೊತ್ತಾಗದ ಹಾಗೆ ಕಟ್ಟಿಸಿಕೊಂಡಿದ್ದೆ. ಆವತ್ತು ಹೊಟ್ಟೆ ತೊಳೆಸ್ತು ಅಂತ ಡಬ್ಬೀಲಿ ತೆಗೆದಿಟ್ಟೆ, ಸೀಟಿನ ಸಂದಿಗೆ ಜಾರಿಹೋಯ್ತು. ಅಳಿಯನ ಕಾರಲ್ಲಿ ಹಲ್ಲು ಹುಡುಕಿ ಅಂತ ಯಾವ ಬಾಯಲ್ಲಿ ಕೇಳ್ಲಿ? ಒಂದೇ ಒಂದು ಗಳಿಗೆ ಆ ಸೀಟಲ್ಲಿ ಕೂರಿಸಿದ್ದಿದ್ರೆ ನಾನೇ ತಕೋತಿದ್ದೆ. ಪ್ರಾಣ ಉಳಿಸಿದ್ರಿ ಅಳಿಯಂದ್ರೇ, ಮಾನ ಕಳೆದ್ರಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಆ ರಾತ್ರಿ ಅತ್ತೆ ರೊಟ್ಟಿ ತಿಂದರು. ವಾಣಿ ಶಿವಮೊಗ್ಗಕ್ಕೆ ವಾಪಸ್ ಬಂದಳು, ಜೊತೆಗೆ ಅತ್ತೆಯೂ. ನಾಲ್ಕು ಜನ ನೆಂಟರಿಗೆ ಮುಖ ತೋರಿಸೋದು ಹೇಗೆ ಅಂತ ಅವರು ಇಲ್ಲೇ ಉಳಿದುಬಿಟ್ಟಿದ್ದಾರೆ. ಒಮ್ಮೆ ಮುರಿದ ಸಂಪ್ರದಾಯವನ್ನು ಮತ್ತೆ ಜೋಡಿಸೋ ಗೋಜಿಗೆ ಅವರು ಹೋಗಲಿಲ್ಲ. ಗೋಡೆಗೆ ಹೇಳುತ್ತಿದ್ದದ್ದನ್ನೆಲ್ಲ ಈಗ ನನಗೇ ಹೇಳ್ತಾರೆ. ಹೊಟ್ಟೆ ತೊಳೆಸಬಾರದು ಅಂತ ಮುಂದೆಯೇ ಕೂರ್ತಾರೆ. "ಅಳಿಯಂದ್ರೇ, ನಿಧಾನ." "ಅಳಿಯಂದ್ರೇ, ಲಾರಿ." "ಅಳಿಯಂದ್ರೇ, ಆವತ್ತು ನೀವು ನನ್ನ ಡಬ್ಬೀನ ಮೊದಲು ಯಾರ ಮೂತಿಗೆ ಹಿಡಿದ್ರಿ, ಉಜ್ಜನಪ್ಪಂಗೆ ತಾನೇ?" ವಾಣಿ ಹಿಂದಿನ ಸೀಟಿನಲ್ಲಿ ಕಿಟಕಿಯಾಚೆ ನೋಡ್ತಾ ಕೂತಿರ್ತಾಳೆ, ಒಂದು ಮಾತೂ ನನ್ನ ಪರ ಆಡೋದಿಲ್ಲ.

ಮೊನ್ನೆ ಜಟ್ಟಪ್ಪ ಸಿಕ್ಕಿದ್ದ. "ಸಾರ್, ಹಿಂದಿನ ಸೀಟಿನ ಸದ್ದು ಹೋಯ್ತಾ?" ಅಂತ ಕೇಳಿದ.

"ಹೋಯ್ತು ಮಾರಾಯ," ಅಂದೆ. "ಮುಂದಿನ ಸೀಟಿಗೆ ಬಂದಿದೆ."