ನನ್ನ ಗಂಟಲಿಗೊಪ್ಪುವ ಮೈಕು

ಉದುರುತ್ತಿರುವ ಕೂದಲನ್ನು, ಮುಂದಕ್ಕೆ ಬಂದ ಹೊಟ್ಟೆಯನ್ನು, ಬರಬೇಕಾಗಿದ್ದೂ ಬಾರದ ಬಡ್ತಿಯನ್ನು ಕೂಡ ಮನುಷ್ಯ ಕಾಲಕ್ರಮೇಣ ಒಪ್ಪಿಕೊಂಡುಬಿಡುತ್ತಾನೆ. ಆದರೆ ‘ನಿನ್ನ ಧ್ವನಿ ಚೆನ್ನಾಗಿಲ್ಲ’ ಎಂದರೆ ಮಾತ್ರ ಸುತರಾಂ ಒಪ್ಪುವುದಿಲ್ಲ. ಮುಖವನ್ನಾದರೆ ಕನ್ನಡಿ ದಿನಾ ತೋರಿಸಿ ತೋರಿಸಿ ಅಭ್ಯಾಸ ಮಾಡಿಸಿರುತ್ತದೆ. ಗಂಟಲಿಗೆ ಅಂಥ ಕನ್ನಡಿ ಇಲ್ಲ. ಇರುವುದು ಬಚ್ಚಲುಮನೆ ಒಂದೇ. ಅದೋ, ಮುಖಸ್ತುತಿಗೆ ಹೆಸರಾದ ಜಾಗ. ಅಲ್ಲಿ ಎರಡು ಚೊಂಬು ನೀರು ಸುರಿದುಕೊಂಡು ‘ಆ’ ಎಂದವರೆಲ್ಲ ವಿದ್ವಾಂಸರೇ. ನಾನೂ ಅಲ್ಲೇ ವಿದ್ವಾಂಸನಾದವನು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ನೀವಾಗಿ ಕಂಡುಹಿಡಿದು ನಗುವುದಕ್ಕಿಂತ ಅದು ಮೇಲು.

ನನ್ನ ನೌಕರಿ ರೇಷ್ಮೆ ಇಲಾಖೆಯಲ್ಲಿ. ಆವನಿ ಕಡೆಯ ಹಳ್ಳಿಗಳಲ್ಲಿ ಹುಳು ಸಾಕುವ ಮನೆಗಳನ್ನು ಸುತ್ತಿ ರೈತರಿಗೆ ಸಲಹೆ ಹೇಳುವುದು ಕೆಲಸ. ರೇಷ್ಮೆಹುಳು ಪೊರೆ ಕಳಚುವ ಮುಂಚೆ ಸೊಪ್ಪು ಬಿಟ್ಟು ಸುಮ್ಮನೆ ಮಲಗುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾನು ಹೊಸ್ತಿಲು ದಾಟುವಾಗ ‘ಸಾರ್, ಹುಳ ಜ್ವರಕ್ಕೆ ಕೂತವೆ, ಒಸಿ ಮೆಲ್ಲಗೆ ಮಾತಾಡಿ’ ಎಂದು ರೈತರು ಕೈಮುಗಿಯುತ್ತಿದ್ದರು. ನನ್ನ ಕಂಠಕ್ಕೆ ಹುಳುವನ್ನೂ ಅಲುಗಿಸುವ ಶಕ್ತಿ ಇದೆ ಎಂದು ನಾನು ಇದನ್ನು ಹೊಗಳಿಕೆಯ ಲೆಕ್ಕಕ್ಕೇ ಸೇರಿಸಿಕೊಂಡಿದ್ದೆ. ಊರಿಗೆ ಬಂದರೆ, ಮುಳಬಾಗಿಲಿನ ನಮ್ಮ ಬೀದಿಯ ರಾಮಮಂದಿರದಲ್ಲಿ ಹದಿನಾಲ್ಕು ವರ್ಷಗಳಿಂದ ಭಜನೆಯ ಮುಂದಿನ ಸಾಲು ನನ್ನದು. ರಾಮನವಮಿ ಇರಲಿ, ಧನುರ್ಮಾಸ ಇರಲಿ, ಸೌಂಡ್ ಸೆಟ್ಟಿನ ಚೌಡಪ್ಪ ಬಂದು ಮೊದಲು ನನ್ನ ಮುಂದೆ ಒಂದು ಮೈಕು ಇಟ್ಟು, ಆಮೇಲೆ ಬೇರೆಯವರ ಕಡೆ ಹೋಗುತ್ತಿದ್ದ. ಹದಿನಾಲ್ಕು ವರ್ಷದಲ್ಲಿ ನನ್ನ ಹಾಡಿನ ಬಗ್ಗೆ ಬೀದಿಯ ಒಬ್ಬರೂ ಒಂದು ಕೆಟ್ಟ ಮಾತು ಆಡಿದವರಲ್ಲ. ಒಳ್ಳೆಯ ಮಾತನ್ನೂ ಆಡಿರಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಹೀಗಿರುವಾಗ ಮಗಳು ಸುಮಳಿಗೆ ಮದುವೆ ಗೊತ್ತಾಯಿತು. ಬೀಗರು ಶ್ರೀನಿವಾಸಪುರದವರು, ನಿವೃತ್ತ ಹೆಡ್‌ಮಾಸ್ತರು, ಸಂಗೀತವೆಂದರೆ ಪ್ರಾಣ. ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಜೊತೆ ನಾನು ಹಾಡಿದ ದೇವರನಾಮಗಳ ಒಂದು ಸಿಡಿ ಇಟ್ಟರೆ ಹೇಗೆ ಎಂಬ ಯೋಚನೆ ಆಗ ನನಗೆ ಬಂತು. ಈಗೀಗ ಮನೆಮನೆಗೆ ಕಂಪ್ಯೂಟರು ಬರುತ್ತಿದೆಯಲ್ಲ. ಸುಮಳ ಓದಿಗೆಂದು ತಂದಿದ್ದು ನಮ್ಮಲ್ಲೂ ಒಂದಿತ್ತು. ವಿಷಯ ಕೇಳಿದ ನನ್ನ ಹೆಂಡತಿ ಪಂಕಜ ಬಿಡಿಸುತ್ತಿದ್ದ ಅವರೆಕಾಯಿಯನ್ನು ಅಲ್ಲೇ ಬಿಟ್ಟು, ‘ಚೀಲ ಭಾರ ಆಗಲ್ವೇನ್ರೀ?’ ಎಂದಳು. ಸಿಡಿಗೆ ಏನು ಮಹಾ ಭಾರ ಎಂದು ನಾನು ಅವಳ ಅಜ್ಞಾನಕ್ಕೆ ನಕ್ಕೆ.

ಮಹಡಿಯ ಕೋಣೆಯನ್ನು ಸ್ಟುಡಿಯೋ ಮಾಡಿದೆ. ಸದ್ದು ಗೋಡೆಗೆ ಬಡಿದು ವಾಪಸು ಬರಬಾರದೆಂದು ಯಾರೋ ಹೇಳಿದ್ದರಿಂದ ಹಳ್ಳಿಯಿಂದ ನಾಲ್ಕು ಹಳೆಯ ಚಂದ್ರಿಕೆಗಳನ್ನು ತಂದು ಗೋಡೆಗೆ ಒರಗಿಸಿದೆ. ಹುಳು ಬಲಿತು ಹಣ್ಣಾದ ಮೇಲೆ ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ತಟ್ಟೆಗಳವು. ಅವುಗಳ ಮೇಲೆ ಮನೆಯಲ್ಲಿದ್ದ ಹಳೇ ರಜಾಯಿಗಳನ್ನೆಲ್ಲ ಹೊದಿಸಿದೆ. ಕಾಫಿ ತಂದ ಪಂಕಜ ಸುತ್ತಲೂ ನೋಡಿ, ‘ಹಣ್ಣಾಗಿರೋದಂತೂ ಕಾಣಿಸ್ತಿದೆ, ಗೂಡು ಯಾವಾಗ ಕಟ್ತೀರಿ?’ ಎಂದು ಕೇಳಿ ಇಳಿದುಹೋದಳು.

ಮೊದಲ ಪ್ರಯೋಗ ಕಂಪ್ಯೂಟರಿನ ಜೊತೆ ಪುಕ್ಕಟೆ ಬಂದಿದ್ದ ಕಡ್ಡಿ ಮೈಕಿನಲ್ಲಿ. ಹಾಡಿ ಮುಗಿಸಿ, ಕಣ್ಣು ಮುಚ್ಚಿ, ಕಂಪ್ಯೂಟರಿನ ಮುಂದೆ ಕೂತಿದ್ದ ಸುಮಳಿಗೆ ‘ಹಾಕಮ್ಮಾ’ ಎಂದೆ. ಯಾರೋ ಒಬ್ಬ ಮುದುಕ, ಮೂಗು ಕಟ್ಟಿದವನು, ನನ್ನ ಹಾಡನ್ನು ಕದ್ದು ಹಾಡುತ್ತಿದ್ದ. ‘ಇದ್ಯಾರೇ?’ ಎಂದೆ. ‘ನಿಮ್ದೇ ಅಪ್ಪಾ ಧ್ವನಿ’ ಎಂದಳು ಸುಮ, ಕೀಬೋರ್ಡನ್ನೇ ನೋಡುತ್ತಾ. ಪುಕ್ಕಟೆ ಬಂದ ಮೈಕಿನ ಯೋಗ್ಯತೆ ಇಷ್ಟೇ ಎಂದು ತೀರ್ಮಾನಿಸಿ ಮರುದಿನವೇ ಕೋಲಾರದ ಬಸ್ಸು ಹತ್ತಿದೆ.

ದೊಡ್ಡಪೇಟೆಯ ಅಂಗಡಿಯವನು ಬಹಳ ತಾಳ್ಮೆಯ ಮನುಷ್ಯ. ‘ಕಮ್ಮೀದು ಅಂದ್ರೆ ಎರಡು ಜಾತಿ ಸಾರ್. ಡೈನಮಿಕ್ ಆದ್ರೆ ಎದುರಿಗಿರೋದು ಮಾತ್ರ ಕೇಳುತ್ತೆ. ಕಂಡೆನ್ಸರ್ ಆದ್ರೆ ಸೂಜಿ ಬಿದ್ರೂ ಕೇಳುತ್ತೆ’ ಎಂದು ವಿವರಿಸಿದ. ನನ್ನ ಗಮಕಗಳ ಸೂಕ್ಷ್ಮವನ್ನು ನೆನೆದು ಸೂಜಿಯ ಮೈಕನ್ನೇ ತಂದೆ. ಪೆನ್ಸಿಲ್ ಸೆಲ್ ಹಾಕಿದರೆ ಸಾಕು, ಅದಕ್ಕೆ ಊರೆಲ್ಲ ಕೇಳಿಸುತ್ತಿತ್ತು. ನಮ್ಮನೆ ಕುಕ್ಕರು, ಪಕ್ಕದ ಮನೆಯ ಮಿಕ್ಸಿ, ‘ನಂಗ್ಲಿ ನಂಗ್ಲಿ ನಂಗ್ಲಿ’ ಎಂದು ಕೂಗುವ ಕಂಡಕ್ಟರು, ಕೊತ್ತಂಬರಿಗೆ ಚೌಕಾಸಿ ಮಾಡುತ್ತಿದ್ದ ಪಂಕಜ, ಇವರೆಲ್ಲ ಒಬ್ಬರಿಗಿಂತ ಒಬ್ಬರು ಸ್ಪಷ್ಟವಾಗಿ ಬಂದರು. ನಡುನಡುವೆ ಅದೇ ಮುದುಕನೂ ಇದ್ದ. ‘ಮೈಕು ಚೆನ್ನಾಗೇ ಇದೆಯಲ್ರೀ, ಎಲ್ಲಾ ಕೇಳಿಸ್ತಿದೆ’ ಎಂದಳು ಪಂಕಜ. ಅವಳಿಗೆ ಸಂಗೀತದ ಗಂಧ ಕಡಿಮೆ ಎಂದುಕೊಂಡೆ. ಅದನ್ನು ಕೊಟ್ಟು ಡೈನಮಿಕ್ ತಂದೆ. ಅಂಗಡಿಯವನು ಹೇಳಿದ್ದು ನಿಜ, ಅದು ಎದುರಿಗಿದ್ದದ್ದನ್ನು ಮಾತ್ರ ಕೇಳಿಸಿಕೊಂಡಿತು. ಎದುರಿಗೆ ಇದ್ದವನು ನಾನೊಬ್ಬನೇ ಆದ್ದರಿಂದ ಪರಿಸ್ಥಿತಿ ಇನ್ನೂ ಬಿಗಡಾಯಿಸಿತು. ಮದುವೆಗೆ ಮೂರೇ ವಾರ ಉಳಿದಿತ್ತು. ಬೀಗರಿಗೆ ಬೇರೆ ‘ಒಂದು ವಿಶೇಷ ಉಡುಗೊರೆ ಇದೆ’ ಎಂದು ಫೋನಿನಲ್ಲಿ ಹೇಳಿಬಿಟ್ಟಿದ್ದೆ.

ಆಗ ತಟ್ಟನೆ ಹೊಳೆಯಿತು. ನನ್ನ ಗಂಟಲಿಗೆ ಒಪ್ಪುವ ಮೈಕು ಊರಲ್ಲೇ ಇದೆಯಲ್ಲ! ಹದಿನಾಲ್ಕು ವರ್ಷ ಯಾವ ಮೈಕಿನಲ್ಲಿ ಹಾಡಿ ಬೀದಿಯನ್ನೇ ತಣಿಸಿದ್ದೆನೋ ಅದನ್ನು ಬಿಟ್ಟು ಕೋಲಾರಕ್ಕೆ ಓಡಾಡಿದ್ದಕ್ಕೆ ನನ್ನನ್ನು ನಾನೇ ಬೈದುಕೊಂಡು ಚೌಡಪ್ಪನ ಅಂಗಡಿಗೆ ಹೋದೆ. ಅವನು ಹಾರನ್ ಸ್ಪೀಕರ್ ಒಂದರ ಜೇಡರಬಲೆ ತೆಗೆಯುತ್ತಿದ್ದ. ನನ್ನ ಬೇಡಿಕೆ ಕೇಳಿದ್ದೇ ಬಟ್ಟೆ ಕೆಳಗಿಟ್ಟ.

‘ವದ್ದು ಸಾರ್, ಅದು ಬೇಡ. ಹಳೇದಾಯ್ತು. ಬೇರೆ ಒಳ್ಳೇದು ಕೊಡ್ತೀನಿ, ಎಕೋ ಹಾಕಿದ್ರೆ ಎಂಥಾ ಗಂಟಲೂ ತಡ್ಕೊಳುತ್ತೆ.’

‘ನನಗೆ ಅದೇ ಬೇಕು ಚೌಡಪ್ಪ. ನನ್ನ ಧ್ವನಿಗೆ ಅದು ಪಳಗಿದೆ.’

ಅವನು ತಲೆ ಕೆರೆದುಕೊಂಡ. ಆಮೇಲೆ ಒಳಗೆ ಹೋಗಿ ತಂದುಕೊಟ್ಟು, ಬಾಡಿಗೆಯೂ ಬೇಡ ಎಂದುಬಿಟ್ಟ. ಕಲಾವಿದರ ಮೇಲಿನ ಅವನ ಗೌರವಕ್ಕೆ ನನ್ನ ಕಣ್ಣು ತೇವವಾಯಿತು.

ಮನೆಗೆ ತಂದು ಸಿಕ್ಕಿಸಿದರೆ ಸದ್ದೇ ಇಲ್ಲ. ವೈರು ಬದಲಾಯಿಸಿದೆ, ತಟ್ಟಿದೆ, ಊದಿದೆ. ಕಡೆಗೆ ಸ್ಕ್ರೂ ಬಿಚ್ಚಿ ನೋಡಿದರೆ ಒಳಗೆ ಒಂದು ಬನಿಯನ್ ಚೂರು, ಅದರಲ್ಲಿ ತೂಕಕ್ಕೆಂದು ಸುತ್ತಿಟ್ಟ ಒಂದು ಗುಂಡುಕಲ್ಲು. ಅದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ವಾಪಸು ನಡೆದೆ.

‘ಮರ್ಯಾದೆ ಮೈಕು ಸಾರ್ ಅದು’ ಎಂದ ಚೌಡಪ್ಪ, ತಲೆ ತಗ್ಗಿಸಿ. ‘ಎಲ್ಲಾ ಸೌಂಡ್ ಸೆಟ್ನೋರ ಹತ್ರಾನೂ ಒಂದಿರುತ್ತೆ. ಮುಂದೆ ಕೂರಿಸ್ಲೇಬೇಕು, ಆದ್ರೆ ಕೇಳಿಸ್ಬಾರ್ದು ಅನ್ನೋ ದೊಡ್ಡೋರಿಗೆ ಇಡ್ತೀವಿ. ವೈರು ಜಮಖಾನದ ಕೆಳಗೆ ಹೋಗಿ ಅಲ್ಲೇ ನಿಂತ್ಕೊಳುತ್ತೆ.’

ಭಜನೆಯ ಹೊತ್ತಿಗೆ ಹಾರನ್ ಇದ್ದದ್ದು ಮಂದಿರದ ಹೊರಗೆ ಬೇವಿನ ಮರದ ಮೇಲೆ, ಬೀದಿಗೆ ಮುಖ ಮಾಡಿ. ಒಳಗೆ ಕೂತ ನನಗೆ ಕೇಳಿಸುತ್ತಿದ್ದದ್ದು ನನ್ನ ಬಾಯಿಂದ ನನ್ನ ಕಿವಿಗೆ ಬಂದದ್ದಷ್ಟೇ. ‘ಹದಿನಾಲ್ಕು ವರ್ಷವೂ?’ ಎಂದೆ.

‘ಸುಳ್ಳು ಹೇಳಲ್ಲ ಸಾರ್, ಮೊದಲನೇ ವರ್ಷ ಮೂರು ದಿನ ಕನೆಕ್ಷನ್ ಕೊಟ್ಟಿದ್ದೆ. ನಾಲ್ಕನೇ ದಿನ ಬೀದಿಯೋರೆಲ್ಲ ಬಂದು ಆ ಮೈಕು ಎತ್ತಿಬಿಡು ಅಂತ ಕೂತ್ಕೊಂಡ್ರು. ಎತ್ತೋಣ ಅಂತಿದ್ದೆ, ಅಷ್ಟ್ರಲ್ಲಿ ನಿಮ್ಮನೆ ಅಮ್ಮಾವ್ರು ಬಂದ್ರು. ಮೈಕು ತಪ್ಪಿಸ್ಬೇಡ ಚೌಡಪ್ಪಾ, ಅವ್ರು ಮನಸ್ಸಿಗೆ ಹಚ್ಕೊಂಡ್ಬಿಡ್ತಾರೆ, ಬೇಕಾದ್ರೆ ಕನೆಕ್ಷನ್ ತಪ್ಪಿಸು ಅಂದ್ರು. ಕಡೆಗೊಂದು ದಿನ ಬೇರೆ ಮೈಕು ಕೈಕೊಟ್ಟಾಗ ಇದರ ಒಳಗಿನ ಸಾಮಾನೂ ತೆಗ್ದು ಅದಕ್ಕೆ ಹಾಕ್ದೆ. ಇದಕ್ಕೆ ಹೆಂಗೂ ಬೇಕಿರ್ಲಿಲ್ವಲ್ಲ.’

ಮನೆಯ ಕಡೆ ನಡೆಯುವಾಗ ಮೊದಲು ಸಿಟ್ಟು ಬಂತು, ಆಮೇಲೆ ಭೂಮಿ ಬಾಯಿಬಿಡಬಾರದೇ ಎನ್ನುವಷ್ಟು ನಾಚಿಕೆ. ಮನೆ ಹತ್ತಿರ ಬರುವ ಹೊತ್ತಿಗೆ ಅವೆರಡೂ ಕರಗಿ, ಬರೇ ಅಳು ಉಳಿದಿತ್ತು. ಹದಿನಾಲ್ಕು ವರ್ಷ ಬೀದಿಗೆ ನನ್ನಿಂದ, ನನಗೆ ಬೀದಿಯಿಂದ ನೋವಾಗದಂತೆ ಪಂಕಜ ಒಬ್ಬಳೇ ಕಾದಿದ್ದಳು. ಒಂದು ದಿನವಾದರೂ ಬಾಯಿಬಿಟ್ಟು ಆಡಿರಲಿಲ್ಲ. ನಾನು ಅವಳಿಗೆ ಸಂಗೀತದ ಗಂಧವಿಲ್ಲ ಎಂದುಕೊಂಡಿದ್ದೆ. ‘ತಾಂಬೂಲಕ್ಕೆ ತೆಂಗಿನಕಾಯಿ ಸಾಕು ಕಣೇ’ ಎಂದೆ, ಚಪ್ಪಲಿ ಬಿಡುತ್ತಾ. ‘ಅಯ್ಯೋ, ಯಾಕ್ರೀ? ಹಾಡಬಹುದಿತ್ತು’ ಎಂದಳು. ಅವಳ ಮುಖ ಮಾತ್ರ ಜ್ವರ ಬಿಟ್ಟವರ ಹಾಗೆ ಹಗುರಾಗಿತ್ತು.

ಮದುವೆ ಚೆನ್ನಾಗಿಯೇ ನಡೆಯಿತು. ಆರತಕ್ಷತೆಯ ಹೊತ್ತಿಗೆ ಬೀಗರು ‘ವಿಶೇಷ ಉಡುಗೊರೆ ಅಂದಿದ್ರಲ್ಲ, ಹಾಡೇ ಇರಬೇಕು, ಆಗಲಿ ಒಂದು’ ಎಂದು ಪಟ್ಟು ಹಿಡಿದರು. ಸೌಂಡ್ ಸೆಟ್ಟು ಚೌಡಪ್ಪನದೇ. ಅವನು ಒಂದೊಂದು ಕೈಯಲ್ಲಿ ಒಂದೊಂದು ಮೈಕು ಹಿಡಿದು ನನ್ನ ಮುಖ ನೋಡಿದ. ಯಾವುದು ಜೀವದ್ದು, ಯಾವುದು ಮರ್ಯಾದೆಯದು ಎಂಬುದು ನಮ್ಮಿಬ್ಬರಿಗೂ ಗೊತ್ತು. ಮಗಳು ಬಾಳಬೇಕಾದ ಮನೆಯವರು ಎದುರಿಗೆ ಸಾಲಾಗಿ ಕೂತಿದ್ದರು. ಮರ್ಯಾದೆಯದನ್ನೇ ತೆಗೆದುಕೊಂಡು, ಕಣ್ಣುಮುಚ್ಚಿ, ಮನಸಾರೆ ಮೂರು ಚರಣ ಹಾಡಿದೆ. ಓಲಗದವರು, ಮಕ್ಕಳ ಗಲಾಟೆ, ಊಟದ ಪಂಕ್ತಿಯ ಕೂಗಾಟ, ಇವೆಲ್ಲದರ ನಡುವೆ ನನ್ನದು ಯಾರಿಗೂ ತೊಂದರೆ ಕೊಡಲಿಲ್ಲ.

ಬೀಗರು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ‘ಛೇ, ಎಂಥಾ ಭಾವ! ಮುಖ ನೋಡಿದ್ರೇ ಗೊತ್ತಾಗ್ತಿತ್ತು. ಹಾಳು ಮೈಕು ಕೈಕೊಟ್ಟುಬಿಡ್ತು ನೋಡಿ. ಒಂದು ಸಿಡಿ ಮಾಡಿಸಿ ಕಳಿಸ್ಲೇಬೇಕು ಬೀಗರೇ.’

‘ನನ್ನದೇನಿದೆ? ಕನೆಕ್ಷನ್ ಕೊಡಿಸೋದು ತಪ್ಪಿಸೋದು ಎಲ್ಲಾ ನಮ್ಮನೆಯವಳ ಕೈಲಿದೆ’ ಎಂದೆ.

ತಾಂಬೂಲ ಹಂಚುತ್ತಿದ್ದ ಪಂಕಜಳ ಕೈ ಹಾಗೇ ನಿಂತಿತು. ನನ್ನನ್ನು ನೋಡಿದಳು, ದೂರದಲ್ಲಿ ವೈರು ಸುತ್ತುತ್ತಿದ್ದ ಚೌಡಪ್ಪನನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಕಣ್ಣು ತುಂಬಿಕೊಂಡಿತ್ತು, ಆದರೂ ನಗು ತಡೆಯಲಾಗಲಿಲ್ಲ. ‘ಕಳಿಸ್ತೀವಿ ಬೀಗರೇ’ ಎಂದಳು. ‘ಮೊದಲು ಹುಡುಗಿ ನಿಮ್ಮನೇಲಿ ಒಂದು ವರ್ಷ ಬಾಳಿ ನೆಲೆ ಊರಲಿ. ಆಮೇಲೆ ಕಳಿಸ್ತೀವಿ.’

ಹೊರಗೆ ಬೀಗರ ಜೊತೆ ನಾನೂ ನಕ್ಕೆ. ಒಳಗೆ ಮಾತ್ರ ಆ ಮಾತನ್ನು ಭದ್ರವಾಗಿ ಗಂಟು ಹಾಕಿ ಇಟ್ಟುಕೊಂಡೆ. ಬರುವ ತಿಂಗಳಿಗೆ ಒಂದು ವರ್ಷ ತುಂಬುತ್ತದೆ. ಸುಮ ಆ ಮನೆಯಲ್ಲಿ ಸುಖವಾಗಿದ್ದಾಳೆ. ಬೀಗರು ಸಿಡಿ ಕೇಳಿದ್ದನ್ನು ಮರೆಯುವವರಲ್ಲ, ಮುಖ ನೋಡಿಯೇ ಭಾವ ಕಂಡವರು, ಕೇಳಿದರೆ ಇನ್ನೆಷ್ಟು ಕಂಡಾರು ಎಂದು ನನಗೆ ಆಗಾಗ ಅನಿಸುತ್ತದೆ. ಪಂಕಜಳಿಗೆ ಹೇಳಬೇಡಿ, ನಿಮಗೆ ಗೊತ್ತಿರುವ ಕಡೆ ಕಡಿಮೆ ಬೆಲೆಗೆ ಒಂದು ಒಳ್ಳೆಯ ಮೈಕು ಇದ್ದರೆ ದಯವಿಟ್ಟು ತಿಳಿಸಿ.